ಏದುಸಿರಿನ ಊರಲ್ಲಿ ಅವಸರವೇಕೆ?

ದಕ್ಷಿಣ ಅಮೆರಿಕ ನೋಡಲು ಹೊರಟವರಿಗೆ ಬೊಲಿವಿಯಾದ ಲಾ ಪಾಜ್ ಹೆಚ್ಚಾಗಿ ನಡುದಾರಿಯ ತಂಗುದಾಣ. ಪೆರುವಿನಲ್ಲಿ ಮಾಚು ಪಿಚು ನೋಡಿ, ಟಿಟಿಕಾಕಾ ಸರೋವರ ಬಳಸಿ ಬಂದವರು ಉಯುನಿಯ ಉಪ್ಪಿನ ಬಯಲಿಗೆ ಹೋಗುವ ಮುನ್ನ ಇಲ್ಲಿ ಒಂದೆರಡು ರಾತ್ರಿ ಕಳೆಯುತ್ತಾರೆ. ಸಂವಿಧಾನದ ಲೆಕ್ಕದಲ್ಲಿ ಬೊಲಿವಿಯಾದ ರಾಜಧಾನಿ ಸುಕ್ರೆ. ಸರ್ವೋಚ್ಚ ನ್ಯಾಯಾಲಯ ಇಂದಿಗೂ ಅಲ್ಲೇ ಇದೆ. 1899ರ ಅಂತರ್ಯುದ್ಧದ ನಂತರ ಸರ್ಕಾರ ಮತ್ತು ಸಂಸತ್ತು ಲಾ ಪಾಜ್‌ಗೆ ಬಂದವು, ಹಾಗಾಗಿ ಆಡಳಿತದ ಮಟ್ಟಿಗೆ ರಾಜಧಾನಿ ಇದೇ. ಇಂಥ ಊರನ್ನು ಬಸ್ ಬದಲಿಸುವ ಜಾಗದಂತೆ ಕಾಣುವುದು ತಪ್ಪು. ಬಂದ ಮೊದಲ ಎರಡು ಮೂರು ದಿನ ದೇಹವೇ ಪ್ರವಾಸಿಯ ಕಾಲು ಕಟ್ಟಿಹಾಕುತ್ತದೆ. ಹಾಗೆ ಸಿಗುವ ನಿಧಾನವನ್ನು ನಷ್ಟವೆಂದು ಬಗೆಯಬೇಕಿಲ್ಲ, ಈ ಊರನ್ನು ಅರಿಯಲು ಅದೇ ಸರಿಯಾದ ದಾರಿ ಎಂಬುದು ನನ್ನ ವಾದ.

ವಿಮಾನ ಇಳಿಯುವ ಎಲ್ ಆಲ್ಟೊ ಸಮುದ್ರಮಟ್ಟದಿಂದ 4,000 ಮೀಟರ್‌ಗಿಂತ ಮೇಲಿದೆ. ಲಾ ಪಾಜ್‌ನ ನಡುಭಾಗ ಸುಮಾರು 3,600 ಮೀಟರ್. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್ ಎಂದರೆ ಅಂದಾಜು ಸಿಕ್ಕೀತು. ಒಂದು ಉಸಿರಿಗೆ ದಕ್ಕುವ ಆಮ್ಲಜನಕ ಕರಾವಳಿಯವರಿಗೆ ಸಿಗುವುದರ ಮೂರನೇ ಎರಡು ಭಾಗದಷ್ಟು ಮಾತ್ರ. ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ಕುಕ್ಕರ್ ಇಲ್ಲದೆ ಬೇಳೆ ಬೇಯುವುದು ಕಷ್ಟ. ಹೊಸಬರಿಗೆ ತಲೆನೋವು, ವಾಕರಿಕೆ, ನಿದ್ದೆಗೇಡು ಮಾಮೂಲು. ಮೊದಲ ದಿನಗಳಲ್ಲಿ ಶ್ರಮ ಬೇಡ, ಮದ್ಯ ಬೇಡ, ಊಟ ಹಗುರವಾಗಿರಲಿ ಎನ್ನುತ್ತಾರೆ ವೈದ್ಯರು. ಹೋಟೆಲುಗಳಲ್ಲಿ ಕೊಡುವ ಕೋಕಾ ಎಲೆಯ ಚಹಾ ಬೊಲಿವಿಯಾದಲ್ಲಿ ಕಾನೂನುಬದ್ಧ, ಜನ ಅದನ್ನು ನಂಬಿದ್ದಾರೆ. ಆದರೆ ಅದು ವಿಶ್ರಾಂತಿಗೆ ಬದಲಿಯಲ್ಲ. ಇಷ್ಟೆಲ್ಲ ಗೊತ್ತಿದ್ದೂ ಬಂದ ಮರುದಿನವೇ ‘ಸಾವಿನ ರಸ್ತೆ’ಯಲ್ಲಿ ಸೈಕಲ್ ಸವಾರಿಗೆ ಹೊರಡುವವರಿದ್ದಾರೆ. 4,600 ಮೀಟರ್ ಎತ್ತರದ ಕಣಿವೆದಾರಿಯಿಂದ ಯುಂಗಾಸ್ ಕಾಡಿನತ್ತ ಇಳಿಯುವ ಆ ಸವಾರಿ ಮುಗಿಸಿ ಬಂದವರ ಬಳಿ ಫೋಟೊಗಳಿರುತ್ತವೆ, ಲಾ ಪಾಜ್ ಮಾತ್ರ ಇರುವುದಿಲ್ಲ.

ದೇಹವನ್ನು ಕಾಡುವ ಈ ಎತ್ತರವೇ ಊರಿನ ಸಾಮಾಜಿಕ ವ್ಯವಸ್ಥೆಯೂ ಆಗಿದೆ. ಅನೇಕ ನಗರಗಳಲ್ಲಿ ಹಣವಂತರು ಗುಡ್ಡದ ಮೇಲೆ ಬಂಗಲೆ ಕಟ್ಟುತ್ತಾರೆ. ಇಲ್ಲಿ ತಿರುಗುಮುರುಗು. 1548ರಲ್ಲಿ ಊರು ಕಟ್ಟಿದ ಸ್ಪ್ಯಾನಿಷರು ಪ್ರಸ್ಥಭೂಮಿಯ ಕೊರೆಯುವ ಗಾಳಿಗೆ ಅಂಜಿ ಚೊಕೆಯಾಪು ನದಿಯ ಕೊಳ್ಳಕ್ಕೆ ಇಳಿದರು. ಅಂದಿನಿಂದಲೂ ಉಳ್ಳವರು ಇನ್ನೂ ಕೆಳಕ್ಕೆ, ಇನ್ನೂ ಬೆಚ್ಚಗಿನ ಕಡೆಗೆ ಸರಿಯುತ್ತಲೇ ಬಂದರು. ಇವತ್ತು ದುಬಾರಿ ಮನೆಗಳು, ಮಾಲ್‌ಗಳು ಇರುವುದು ತಗ್ಗಿನ ದಕ್ಷಿಣ ವಲಯದಲ್ಲಿ. ಬಡವರು ಗೋಡೆಯಂಥ ಇಳಿಜಾರುಗಳಿಗೆ ಅಂಟಿಕೊಂಡ ಇಟ್ಟಿಗೆ ಮನೆಗಳಲ್ಲಿ ಉಳಿದರು. ಕೊಳ್ಳದ ಅಂಚಿನ ಮೇಲಿನ ಬಯಲಿನಲ್ಲಿ ಹಳ್ಳಿಗಳಿಂದ ಬಂದ ಅಯ್ಮಾರಾ ಮೂಲನಿವಾಸಿ ಜನ ಎಲ್ ಆಲ್ಟೊ ಕಟ್ಟಿದರು. 1985ರಲ್ಲಿ ತವರದ ಬೆಲೆ ಕುಸಿದು, ಸರ್ಕಾರಿ ಗಣಿಗಳು ಸಾವಿರಾರು ಕೆಲಸಗಾರರನ್ನು ಹೊರಹಾಕಿದಾಗ ಅವರಲ್ಲಿ ಅನೇಕರು ಸೇರಿದ್ದೂ ಇಲ್ಲಿಗೇ. 2012ರ ಜನಗಣತಿಯ ಹೊತ್ತಿಗೆ ಎಲ್ ಆಲ್ಟೊದ ಜನಸಂಖ್ಯೆ ಲಾ ಪಾಜ್‌ನದನ್ನು ಮೀರಿತ್ತು. ಮೇಲಿನವರು ದಾರಿ ಮುಚ್ಚಿದರೆ ಕೆಳಗಿನವರ ಅನ್ನ, ಇಂಧನ ನಿಲ್ಲುತ್ತದೆ. 1781ರಲ್ಲಿ ಅಯ್ಮಾರಾ ಬಂಡಾಯದ ನಾಯಕ ಟುಪಾಕ್ ಕಟಾರಿಯ ಪಡೆ ತಿಂಗಳುಗಟ್ಟಲೆ ಊರಿಗೆ ಮುತ್ತಿಗೆ ಹಾಕಿತ್ತು. 2003ರ ಅಕ್ಟೋಬರ್‌ನಲ್ಲಿ ನೈಸರ್ಗಿಕ ಅನಿಲದ ರಫ್ತು ವಿರೋಧಿಸಿ ಎಲ್ ಆಲ್ಟೊದವರು ರಸ್ತೆ ಕಟ್ಟಿದಾಗ ಅಧ್ಯಕ್ಷ ಗೊನ್ಸಾಲೊ ಸಾಂಚೆಸ್ ದೆ ಲೊಸಾಡ ರಾಜೀನಾಮೆ ಕೊಟ್ಟು ದೇಶ ಬಿಡಬೇಕಾಯಿತು. ಬೊಲಿವಿಯಾದ ರಾಜಕಾರಣವನ್ನು ಈ ಊರಿನ ಏರುತಗ್ಗು ಬಿಟ್ಟು ವಿವರಿಸಲಾಗದು.

ಇದನ್ನೆಲ್ಲ ಕಣ್ಣಾರೆ ಕಾಣಲು ಗೈಡ್ ಬೇಕಿಲ್ಲ. ಮೊದಲ ದಿನ ಪ್ರಾಡೊ ಎಂಬ ಮುಖ್ಯ ಬೀದಿಯ ಆಸುಪಾಸಿನಲ್ಲೇ ನಡೆದಾಡಿದರೆ ಸಾಕು; ಬದಿಯ ಬೀದಿಗಳೆಲ್ಲ ಅದಕ್ಕೇ ಇಳಿಯುವುದರಿಂದ ದಾರಿ ತಪ್ಪಿದವರು ಇಳಿಜಾರು ಹಿಡಿದರಾಯಿತು. ಬೆಳಗಿನ ಹೊತ್ತು ಬೀದಿಬದಿಯಲ್ಲಿ ‘ಸಾಲ್ಟೆನ್ಯಾ’ ಎಂಬ, ಒಳಗೆ ರಸ ತುಂಬಿದ ಕಡುಬಿನಂಥ ತಿಂಡಿ ಸಿಗುತ್ತದೆ. ಸರ್ಕಲ್‌ಗಳಲ್ಲಿ ಜೀಬ್ರಾ ವೇಷ ತೊಟ್ಟ ಹುಡುಗ ಹುಡುಗಿಯರು ಕುಣಿಯುತ್ತ ವಾಹನ ತಡೆದು ಪಾದಚಾರಿಗಳನ್ನು ದಾಟಿಸುತ್ತಾರೆ. ನಗರಾಡಳಿತ 2001ರಲ್ಲಿ ಶುರುಮಾಡಿದ ಪದ್ಧತಿ ಇದು. ಎರಡನೇ ದಿನಕ್ಕೆ ಕೇಬಲ್ ಕಾರು. ನಮ್ಮಲ್ಲಿ ರೋಪ್‌ವೇ ಎಂದ ಕೂಡಲೇ ನಂದಿಬೆಟ್ಟ, ಚಾಮುಂಡಿಬೆಟ್ಟಗಳ ಪ್ರವಾಸಿ ಯೋಜನೆಗಳ ಜಗಳ ನೆನಪಾಗುತ್ತದೆ. ಲಾ ಪಾಜ್‌ನ ‘ಮಿ ಟೆಲಿಫೆರಿಕೊ’ ಜನರು ಕೆಲಸಕ್ಕೆ ಹೋಗಿಬರುವ ವಾಹನ. 2014ರಲ್ಲಿ ಕೆಂಪು ಮಾರ್ಗದಿಂದ ಆರಂಭವಾಗಿ 2019ರ ಹೊತ್ತಿಗೆ 10 ಮಾರ್ಗಗಳಿಗೆ, ಸುಮಾರು 30 ಕಿಲೋಮೀಟರಿಗೆ ಬೆಳೆಯಿತು. ಒಂದು ಕ್ಯಾಬಿನ್‌ನಲ್ಲಿ ಹತ್ತು ಜನ ಎದುರುಬದುರು ಕೂರುತ್ತಾರೆ. ಕೆಲವೇ ಸೆಕೆಂಡಿಗೆ ಇನ್ನೊಂದು ಬರುತ್ತದೆ. ಕೆಂಪು ಮಾರ್ಗ ಹಳೆಯ ರೈಲು ನಿಲ್ದಾಣದಿಂದ ಹೊರಟು ಊರಿನ ದೊಡ್ಡ ಸ್ಮಶಾನದ ಗೂಡುಗೋರಿಗಳ ಮೇಲೆ ಹಾದು ಎಲ್ ಆಲ್ಟೊದ ಸಂತೆಪೇಟೆಗೆ ಮುಟ್ಟುತ್ತದೆ. ಅಲ್ಲಿಂದ ಬೇರೆ ಮಾರ್ಗಗಳ ಮೂಲಕ ದಕ್ಷಿಣ ವಲಯಕ್ಕೆ ಇಳಿದರೆ ತಗಡಿನ ಮಾಡುಗಳು ಮುಗಿದು ಹುಲ್ಲುಹಾಸು ಶುರುವಾಗುವುದು ಎಲ್ಲಿ ಎಂಬುದು ತಾನಾಗಿ ಕಾಣುತ್ತದೆ.

ಈ ವಾದಕ್ಕೆ ಆಕ್ಷೇಪಗಳಿವೆ. ಲಕ್ಷಗಟ್ಟಲೆ ಖರ್ಚು ಮಾಡಿ, ಎಣಿಸಿದ ರಜೆಯಲ್ಲಿ ಅಷ್ಟು ದೂರ ಹೋದವರು ಬೀದಿ ಸುತ್ತುತ್ತ ಕೂರಬೇಕೆ ಎಂಬುದು ಮೊದಲನೆಯದು. ಎತ್ತರಕ್ಕೆ ಒಗ್ಗುವ ಮೊದಲೇ ಓಡಿದವರಲ್ಲಿ ಅನೇಕರು ಹೇಗೂ ಒಂದು ದಿನವನ್ನು ಹೋಟೆಲಿನ ಹಾಸಿಗೆಯಲ್ಲಿ ಕಳೆಯುತ್ತಾರೆ; ಆ ದಿನ ಊರಿಗೆ ಸಲ್ಲಲಿ ಎನ್ನುವುದಷ್ಟೇ ನನ್ನ ಲೆಕ್ಕ. ಬಡವರ ಮಾಡಿನ ಮೇಲೆ ತೇಲುತ್ತ ಅವರ ಅಂಗಳ ಇಣುಕುವುದು ಅಸಭ್ಯವಲ್ಲವೇ ಎಂಬ ಎರಡನೇ ಮಾತು ಹೆಚ್ಚು ತೂಕದ್ದು. ಒಣಹಾಕಿದ ಬಟ್ಟೆ, ಆಡುವ ಮಕ್ಕಳ ಮೇಲೆ ಕ್ಯಾಮೆರಾ ಹಿಡಿಯುವುದು ಖಂಡಿತ ಅಸಭ್ಯ. ಆದರೆ ಆ ಊರಿನವರ ಪಕ್ಕದಲ್ಲಿ, ಅವರಂತೆಯೇ ಟಿಕೆಟ್ ಹಣ ತೆತ್ತು ಕೂತವನಿಗೂ ಬಡತನ ತೋರಿಸಲೆಂದೇ ನಡೆಸುವ ವ್ಯಾನಿನಲ್ಲಿ ಕೂತವನಿಗೂ ವ್ಯತ್ಯಾಸವಿದೆ. ಕೆಲಸದ ಹೊತ್ತಿನಲ್ಲಿ ಕ್ಯೂ ಬಿಟ್ಟುಕೊಡುವ ವಿವೇಕ ಇದ್ದರಾಯಿತು. ಮೂರನೆಯದು, ಕೇಬಲ್ ಕಾರು ಆಗಿನ ಅಧ್ಯಕ್ಷ ಇವೊ ಮೊರಾಲೆಸ್ ಸರ್ಕಾರದ ದುಬಾರಿ ಪ್ರದರ್ಶನ ಎಂಬ ಟೀಕೆ. ಮೊದಲ ಹಂತಕ್ಕೇ 23 ಕೋಟಿ ಡಾಲರ್ ತಗಲಿದ್ದು ನಿಜ. ಹೆಚ್ಚಿನ ಜನ ಇಂದಿಗೂ ಮಿನಿಬಸ್‌ಗಳಲ್ಲೇ ಓಡಾಡುವುದೂ ನಿಜ. ಹಾಗಿದ್ದರೆ ಹಿಂದಿರುಗುವಾಗ ಮಿನಿಬಸ್ ಹತ್ತಿ. ಎರಡರ ವ್ಯತ್ಯಾಸ ತಿಳಿದವರಿಗೆ ಸರ್ಕಾರದ ಪ್ರಚಾರದ ಹಂಗಾಗಲಿ ವಿರೋಧಿಗಳ ಹಂಗಾಗಲಿ ಇರುವುದಿಲ್ಲ.

ಉಪ್ಪಿನ ಬಯಲಾಗಲಿ ಸರೋವರವಾಗಲಿ ಕಡಿಮೆಯವೆಂದು ನಾನು ಹೇಳುತ್ತಿಲ್ಲ. ಅವುಗಳ ಸೊಗಸಿಗೆ ವಿವರಣೆ ಬೇಕಿಲ್ಲ, ನೋಡಿದ ಕೂಡಲೇ ದಕ್ಕುತ್ತವೆ. ಅಲ್ಲಿನ ಉಪ್ಪು, ಅದರಡಿಯ ಲಿಥಿಯಂ ಯಾರ ಪಾಲಾಗಬೇಕು ಎಂಬ ಜಗಳ ತೀರ್ಮಾನವಾಗುವುದು ಮಾತ್ರ ಲಾ ಪಾಜ್‌ನಲ್ಲಿ, ಅದೂ ಮೇಲಿನ ಊರು ಕೆಳಗಿನ ಊರನ್ನು ಸುಮ್ಮನೆ ಬಿಟ್ಟರೆ. ಆದ್ದರಿಂದ ಪ್ರವಾಸದ ವೇಳಾಪಟ್ಟಿ ಹಾಕುವವರು ಲಾ ಪಾಜ್‌ಗೆ ಮೂರು ಪೂರ್ತಿ ದಿನ ಬಿಡಲಿ, ಮೊದಲೆರಡರಲ್ಲಿ ಯಾವ ಸಾಹಸವನ್ನೂ ತುರುಕದಿರಲಿ. ಬೊಲಿವಿಯಾ ನೋಡಿದೆ ಎಂದು ಹೇಳಿಕೊಳ್ಳುವ ಹಕ್ಕು ಆ ಮೂರು ದಿನ ಕೊಟ್ಟವರಿಗೆ ಹೆಚ್ಚು ಸಲ್ಲುತ್ತದೆ.