ಮತಭೇದವೂ ಮನಶ್ಶುದ್ಧಿಯೂ

ದೇವರೊಬ್ಬನೇ, ಕ್ರಿಸ್ತನೊಬ್ಬನೇ, ಬೈಬಲ್ ಗ್ರಂಥವೊಂದೇ. ಹಾಗಿರಲು ಕ್ರೈಸ್ತರಲ್ಲಿ ಇಷ್ಟು ಪಂಗಡಗಳೇಕೆಂಬ ಪ್ರಶ್ನೆಯು ಮಂಡ್ಯ, ಮದ್ದೂರು, ಮಳವಳ್ಳಿಗಳ ಜಗಲಿಗಳ ಮೇಲೆ ಆಗಾಗ ಏಳುವುದುಂಟು. ಪ್ರಶ್ನೆಯು ತಿಳಿಯಬೇಕೆಂಬ ಇಚ್ಛೆಯಿಂದ ಹುಟ್ಟಿದ್ದರೆ ಅದರಲ್ಲಿ ದೋಷವೇನೂ ಇಲ್ಲ. ಆದರೆ ಕೇಳುವವರು ಉತ್ತರಕ್ಕಾಗಿ ಕಾದಿರುವುದಿಲ್ಲ. ಅದನ್ನು ಮೊದಲೇ ಸಿದ್ಧಪಡಿಸಿಕೊಂಡು ಬಂದಿರುವರು. ಅವರಿಗೆ ತಮ್ಮ ಮತದಲ್ಲಿಯೇ ನಿಜವಾದ ಶ್ರದ್ಧೆಯಿಲ್ಲ, ಹಣಕ್ಕಾಗಿಯೂ ಅಧಿಕಾರಕ್ಕಾಗಿಯೂ ಒಡೆದುಕೊಂಡಿದ್ದಾರೆ ಎಂಬುದು ಒಂದು ಉತ್ತರ. ಎಲ್ಲವೂ ಒಂದೇ, ತಿಳಿಯದ ಜನ ಸುಮ್ಮನೆ ಕಾದಾಡುತ್ತಾರೆ ಎಂಬುದು ಎರಡನೆಯದು. ಮೊದಲನೆಯದು ನಿಂದೆ, ಎರಡನೆಯದು ಔದಾರ್ಯದ ವೇಷವನ್ನು ತೊಟ್ಟ ಆಲಸ್ಯ. ಎರಡೂ ಸತ್ಯಕ್ಕೆ ದೂರವಾದುವು.

ವಿಚಾರಕ್ಕೆ ಮೊದಲು ಒಂದು ಭ್ರಮೆಯನ್ನು ನಿವಾರಿಸಬೇಕು. ಪಂಗಡಗಳು ಎಷ್ಟಿವೆಯೋ ಸಿದ್ಧಾಂತಭೇದಗಳೂ ಅಷ್ಟೇ ಇವೆಯೆಂದು ಎಣಿಸುವುದು ತಪ್ಪು. 2010ರಲ್ಲಿ ಮಂಡ್ಯದ ಹೆಸರಿನಲ್ಲಿಯೇ ಸೀರೋ ಮಲಬಾರ್ ಸಂಪ್ರದಾಯದ ಒಂದು ಧರ್ಮಪ್ರಾಂತವು ಸ್ಥಾಪಿತವಾಯಿತು. ಅದಕ್ಕೂ ಬಹುಕಾಲ ಮೊದಲೇ ಈ ಸೀಮೆಯ ಕೆಥೋಲಿಕರು ಲತೀನ್ ಸಂಪ್ರದಾಯದ ಮೈಸೂರು ಧರ್ಮಪ್ರಾಂತಕ್ಕೆ ಸೇರಿದ್ದರು. ಇಬ್ಬರಿಗೂ ರೋಮಿನ ಪೋಪರೇ ಪರಮಗುರುಗಳು, ಇಬ್ಬರ ವಿಶ್ವಾಸಪ್ರಮಾಣವೂ ಒಂದೇ. ಭೇದವಿರುವುದು ಪೂಜಾವಿಧಿಯಲ್ಲಿ. ಮೇಲುಕೋಟೆಯ ಚೆಲುವನಾರಾಯಣನಿಗೆ ಪಾಂಚರಾತ್ರಾಗಮದಂತೆಯೂ ತಿರುಪತಿಯ ವೆಂಕಟೇಶನಿಗೆ ವೈಖಾನಸಾಗಮದಂತೆಯೂ ಪೂಜೆ ನಡೆಯುವುದನ್ನು ನೋಡಿ ವಿಷ್ಣುಗಳು ಇಬ್ಬರೆಂದು ಯಾರೂ ಹೇಳುವುದಿಲ್ಲವಷ್ಟೆ. ಇದೂ ಹಾಗೆಯೇ.

ನಿಜವಾದ ಸಿದ್ಧಾಂತಭೇದವನ್ನು ನೋಡಬೇಕೆಂಬವರು ಹೊರದೇಶಕ್ಕೆ ಹೋಗಬೇಕಾದುದಿಲ್ಲ. ಶ್ರೀರಂಗಪಟ್ಟಣದ ಗಂಜಾಮಿಗೆ ಹೋದರೆ ಸಾಕು. ಅಲ್ಲಿಯ ಇಗರ್ಜಿಯೊಡನೆ ಫ್ರಾನ್ಸ್ ದೇಶದ ಪಾದ್ರಿಗಳಾದ ಅಬೆ ದ್ಯುಬುವಾ ಅವರ ಹೆಸರು ಸೇರಿಕೊಂಡಿದೆ. 1792ರಲ್ಲಿ ಹಿಂದೂಸ್ಥಾನಕ್ಕೆ ಬಂದ ಇವರು, 1799ರಲ್ಲಿ ಪಟ್ಟಣವು ಬಿದ್ದ ತರುವಾಯ, ಚದರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸುವುದಕ್ಕಾಗಿ ಮೈಸೂರು ಸೀಮೆಯಲ್ಲಿ ನೆಲಸಿದರು. ದೇಶದ ಉಡುಪನ್ನುಟ್ಟು ದೇಶದ ಆಚಾರದಂತೆ ಬಾಳಿದರು. ಸಿಡುಬಿನ ರೋಗಕ್ಕೆ ಸಾವಿರಾರು ಮಂದಿಗೆ ದೇವಿ ಹಾಕಿಸಿದರು. 1823ರಲ್ಲಿ ಸ್ವದೇಶಕ್ಕೆ ಹಿಂದಿರುಗಿದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳ ಪುಸ್ತಕವು ಕ್ರೈಸ್ತಲೋಕದಲ್ಲಿ ದೊಡ್ಡ ಕೋಲಾಹಲವನ್ನೆಬ್ಬಿಸಿತು.

ಅಲ್ಲಿ ಅವರು ಪ್ರಾಟೆಸ್ಟಂಟ್ ಮಿಶನರಿಗಳ ಮುಖ್ಯ ಉದ್ಯೋಗವನ್ನೇ ಖಂಡಿಸಿದರು. ಬೈಬಲ್ಲನ್ನು ದೇಶಭಾಷೆಗಳಿಗೆ ತಿರುಗಿಸಿ, ಗುರುವಿನ ಉಪದೇಶವಿಲ್ಲದೆ, ಪೂರ್ವಸಂಸ್ಕಾರವಿಲ್ಲದವರ ಕೈಯಲ್ಲಿಡುವುದರಿಂದ ಹಿತಕ್ಕಿಂತ ಹಾನಿಯೇ ಹೆಚ್ಚೆಂಬುದು ಅವರ ವಾದ. ಅದಕ್ಕೆ ಅವರು ಕೊಟ್ಟ ದೃಷ್ಟಾಂತವನ್ನು ಈ ಸೀಮೆಯ ರೈತನು ಒಡನೆಯೇ ತಿಳಿಯಬಲ್ಲನು. ಆಸ್ತಿಯನ್ನೆಲ್ಲ ಹಾಳುಮಾಡಿಕೊಂಡು ಮರಳಿ ಮನೆಗೆ ಬಂದ ಮಗನನ್ನು ತಂದೆಯು ಕ್ಷಮಿಸಿ, ಕೊಬ್ಬಿದ ಕರುವನ್ನು ಕೊಯ್ಸಿ ಔತಣಮಾಡಿಸಿದನೆಂದು ಸುವಾರ್ತೆಯಲ್ಲಿ ಒಂದು ಕಥೆಯುಂಟು. ತಂದೆಯ ಕ್ಷಮೆಯೇ ಆ ಕಥೆಯ ಜೀವಾಳ. ಆದರೆ ಗೋವನ್ನು ಪೂಜಿಸುವ ಜನರು ಕರುವಿನ ಮಾತು ಕಿವಿಗೆ ಬಿದ್ದೊಡನೆ ಕ್ಷಮೆಯನ್ನು ಮರೆತು ಬೆಚ್ಚಿಬೀಳುವರು. ಕರುವೆನ್ನಬೇಡಿ, ಕುರಿಮರಿಯೆನ್ನಿ ಎಂದು ತಮ್ಮ ಸಭೆಯವರೇ ಬೇಡಿಕೊಂಡರೆಂದು ಅವರು ಬರೆದಿರುವರು.

ಇದೇ ಕಾಲದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರು 1810ರಿಂದ ನೆಲಸಿ, ಬೈಬಲ್ಲನ್ನು ಕನ್ನಡಿಸುವ ಕಾರ್ಯಕ್ಕೆ ತಮ್ಮ ಆಯುಸ್ಸನ್ನು ತೇಯುತ್ತಿದ್ದರು. 1831ರ ಹೊತ್ತಿಗೆ ಸಮಗ್ರ ಗ್ರಂಥವು ಕನ್ನಡದಲ್ಲಿ ಅಚ್ಚಾಯಿತು. ದೇವರ ವಾಕ್ಯಕ್ಕೆ ಸ್ವಂತ ಬಲವುಂಟು, ಅದು ಪ್ರತಿಯೊಬ್ಬನಿಗೂ ಅವನ ಮಾತಿನಲ್ಲಿಯೇ ಕೇಳಿಸಬೇಕು, ನಡುವೆ ನಿಂತು ತಡೆಯಲು ಯಾರಿಗೂ ಅಧಿಕಾರವಿಲ್ಲವೆಂಬುದು ಅವರ ಪಕ್ಷದ ನಿಲವು. ದ್ಯುಬುವಾ ಅವರಿಗೆ ಪ್ರತ್ಯುತ್ತರವಾಗಿ ಜೇಮ್ಸ್ ಹಫ್, ಹೆನ್ರಿ ಟೌನ್‌ಲಿ ಎಂಬಿಬ್ಬರು 1824ರಲ್ಲಿಯೇ ಪುಸ್ತಕಗಳನ್ನು ಪ್ರಕಟಿಸಿದರು.

ಈಗ ಕಪಟವಾದಿಗಳು ಹೇಳಲಿ: ಇವರಲ್ಲಿ ಕಪಟಿ ಯಾರು? ಇಪ್ಪತ್ತೈದು ವರ್ಷಗಳ ಶ್ರಮದಿಂದ ತಾವು ಮತಕ್ಕೆ ಸೇರಿಸಿಕೊಂಡವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದು ದ್ಯುಬುವಾ ಅವರು ತಾವಾಗಿಯೇ ಒಪ್ಪಿಕೊಂಡರು. ಕೀರ್ತಿಯನ್ನು ಬಯಸುವವನು ತನ್ನ ಸೋಲನ್ನು ಅಚ್ಚುಹಾಕಿಸುವನೆ? ಇತ್ತ ಹ್ಯಾಂಡ್ಸ್ ಅವರು ಪರಭಾಷೆಯನ್ನು ಕಲಿತು, ಒಂದೊಂದು ಪದಕ್ಕೂ ತಡಕಾಡಿ, ಎರಡು ದಶಕಗಳನ್ನು ಕಳೆದರು. ಲಾಭವನ್ನು ಬಯಸುವವನಿಗೆ ಇದಕ್ಕಿಂತ ಸುಲಭವಾದ ದಾರಿಗಳು ಇರಲಿಲ್ಲವೆ? ಇಬ್ಬರೂ ಒಬ್ಬನೇ ಕ್ರಿಸ್ತನ ದಾಸರು. ಇಬ್ಬರೂ ಅವನ ವಾಕ್ಯಕ್ಕೆ ಮರ್ಯಾದೆ ಸಲ್ಲಬೇಕೆಂದೇ ಹೋರಾಡಿದವರು. ವಾಕ್ಯವು ಕೆಡಬಾರದೆಂದು ಒಬ್ಬರು ಕಾಪಾಡಹೊರಟರು. ಅದು ಮುಚ್ಚಿಹೋಗಬಾರದೆಂದು ಮತ್ತೊಬ್ಬರು ಹಂಚಹೊರಟರು. ಶ್ರದ್ಧೆಯಿಲ್ಲದವರಾಗಿದ್ದರೆ ಇಬ್ಬರೂ ಸುಮ್ಮನಿರುತ್ತಿದ್ದರು. ಇಲ್ಲಿ ಭೇದವನ್ನು ಹುಟ್ಟಿಸಿದುದು ಶ್ರದ್ಧೆಯೇ.

ಅರ್ಥವನ್ನು ನಿರ್ಣಯಿಸುವ ಅಧಿಕಾರವು ಗ್ರಂಥಕ್ಕೋ ಗುರುಪರಂಪರೆಗೋ ಎಂಬುದು ಭೇದದ ಒಂದು ಮೂಲವಾದರೆ, ಎರಡನೆಯದು ಪದಗಳ ಅರ್ಥದಲ್ಲಿಯೇ ಇದೆ. 1529ರಲ್ಲಿ ಜರ್ಮನಿಯ ಮಾರ್ಬುರ್ಗ್ ಪಟ್ಟಣದಲ್ಲಿ ಲೂಥರನೂ ಜ್ವಿಂಗ್ಲಿಯೂ ಎದುರುಬದುರಾಗಿ ಕುಳಿತು ವಾದಿಸಿದರು. 15 ವಿಷಯಗಳಲ್ಲಿ 14ನ್ನು ಇಬ್ಬರೂ ಒಪ್ಪಿದರು. ಉಳಿದ ಒಂದರಲ್ಲಿ ಸಂಪೂರ್ಣವಾಗಿ ಒಪ್ಪಲಾರದೆ ಬೇರೆಯಾದರು. ಕ್ರಿಸ್ತನು ಕಡೆಯ ಊಟದಲ್ಲಿ ರೊಟ್ಟಿಯನ್ನು ತನ್ನ ದೇಹವೆಂದು ಹೇಳಿದ ಮಾತಿಗೆ ವಾಚ್ಯಾರ್ಥವನ್ನೇ ಹಿಡಿಯಬೇಕೆಂದು ಲೂಥರನು. ಅದು ದೇಹವನ್ನು ಸೂಚಿಸುವುದೆಂದು ಲಕ್ಷಣಾರ್ಥವನ್ನು ಹಿಡಿದವನು ಜ್ವಿಂಗ್ಲಿ. ಇದನ್ನು ಕೇಳಿ ನಗುವ ವೇದಾಂತಿಯು ಛಾಂದೋಗ್ಯದ ಮಹಾವಾಕ್ಯವನ್ನು ನೆನೆಯಲಿ. ಆ ಒಂದು ವಾಕ್ಯಕ್ಕೆ ಅದ್ವೈತಿಗಳು ಲಕ್ಷಣೆಯನ್ನು ಹೇಳಿದರು. ರಾಮಾನುಜರು ಶರೀರಾತ್ಮಭಾವದಿಂದ ಮುಖ್ಯಾರ್ಥವನ್ನೇ ಉಳಿಸಿದರು. ಮಧ್ವಾಚಾರ್ಯರು ಪದವನ್ನೇ ಬೇರೆಯಾಗಿ ಬಿಡಿಸಿದರು. ಈ ಮೂವರಲ್ಲಿ ಯಾರನ್ನು ಕಪಟಿಯೆನ್ನೋಣ?

ಮೂರನೆಯ ಮೂಲವು ವಾಕ್ಯಗಳ ಬಲಾಬಲ. ಮನುಷ್ಯನು ನಂಬಿಕೆಯಿಂದ ನೀತಿವಂತನಾಗುವನೇ ಹೊರತು ಕ್ರಿಯೆಗಳಿಂದಲ್ಲವೆಂದು ಪೌಲನು ರೋಮಾಪುರದವರಿಗೆ ಬರೆದನು. ಕ್ರಿಯೆಗಳಿಲ್ಲದ ನಂಬಿಕೆಯು ಸತ್ತುದೆಂದು ಯಾಕೋಬನು ತನ್ನ ಪತ್ರದಲ್ಲಿ ಬರೆದನು. ಎರಡು ಪತ್ರಗಳೂ ಬೈಬಲ್ಲಿಗೆ ಸೇರಿದವು. ಎರಡನ್ನೂ ಎಲ್ಲ ಕ್ರೈಸ್ತರೂ ಓದುವರು. ಆದರೆ ಯಾವುದು ಪ್ರಧಾನ, ಯಾವುದನ್ನು ಅದಕ್ಕೆ ಅನುಗುಣವಾಗಿ ಅರ್ಥಮಾಡಬೇಕು? ಸಮಾನವಾದ ನಂಬಿಕೆಗಳ ಪಟ್ಟಿಯಲ್ಲಿ ಈ ಪ್ರಶ್ನೆಗೆ ಉತ್ತರವಿರುವುದಿಲ್ಲ. ಎರಡು ಸತ್ಯಗಳನ್ನು ಒಪ್ಪಿದವರೇ, ಅವುಗಳಲ್ಲಿ ಯಾವುದು ಮುಂದಾಳೆಂಬ ವಿಷಯದಲ್ಲಿ ಬೇರೆಯಾಗುವರು.

ಈ ಜಿಲ್ಲೆಯ ಜನರಿಗೆ ಇದು ಅಪರಿಚಿತವಲ್ಲ. ಮೇಲುಕೋಟೆಯಲ್ಲಿ ವೈರಮುಡಿಯ ದರ್ಶನಕ್ಕೆ ನೆರೆಯುವ ಶ್ರೀವೈಷ್ಣವರಲ್ಲಿ ತೆಂಗಲೆಯವರೂ ವಡಗಲೆಯವರೂ ಉಂಟು. ನಾರಾಯಣನ ಪರತ್ವ, ಶ್ರೀಭಾಷ್ಯದ ಪ್ರಾಮಾಣ್ಯ, ಆಳ್ವಾರುಗಳ ಪ್ರಬಂಧ, ಶರಣಾಗತಿ ಇವೆಲ್ಲ ಇಬ್ಬರಿಗೂ ಸಮಾನ. ಆದರೂ ಭೇದಗಳು ಹದಿನೆಂಟೆಂದು ಎಣಿಸುವರು. ಮರಿಕೋತಿಯು ತಾಯಿಯನ್ನು ತಾನೇ ತಬ್ಬಿಕೊಳ್ಳುವಂತೆ ಜೀವನು ಸ್ವಲ್ಪವಾದರೂ ಯತ್ನಿಸಬೇಕೆಂದು ವಡಗಲೆಯವರು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುವಂತೆ ಕೃಪೆಯೇ ಎಲ್ಲವನ್ನೂ ಮಾಡುವುದೆಂದು ತೆಂಗಲೆಯವರು. ಪೌಲ ಯಾಕೋಬರ ಮಾತಿನಿಂದ ಹುಟ್ಟಿದ ಪ್ರಶ್ನೆಗೂ ಈ ಪ್ರಶ್ನೆಗೂ ಎಷ್ಟು ದೂರ? ಶ್ರೀರಂಗವು ತುರುಕರ ದಾಳಿಗೆ ಸಿಕ್ಕಿದಾಗ ವೇದಾಂತದೇಶಿಕರು ಶ್ರುತಪ್ರಕಾಶಿಕೆಯ ಓಲೆಗಳನ್ನು ಉಳಿಸಿಕೊಂಡು ಬಂದು, ಮಳವಳ್ಳಿಯ ಸೀಮೆಗೆ ಹೊಳೆಯಾಚೆ ಇರುವ ಸತ್ಯಾಗಾಲದಲ್ಲಿ ತಲೆಮರೆಸಿಕೊಂಡಿದ್ದರೆಂದು ಸಂಪ್ರದಾಯವು ಹೇಳುತ್ತದೆ. ಪಿಳ್ಳೆ ಲೋಕಾಚಾರ್ಯರು ಅದೇ ಆಪತ್ತಿನಲ್ಲಿ ರಂಗನಾಥನ ಉತ್ಸವಮೂರ್ತಿಯನ್ನು ಹೊರಡಿಸಿಕೊಂಡು ಹೋಗಿ ದಾರಿಯಲ್ಲಿಯೇ ದೇಹವಿಟ್ಟರೆಂದೂ ಅದೇ ಸಂಪ್ರದಾಯವು ಹೇಳುತ್ತದೆ. ಒಬ್ಬರು ವಡಗಲೆಯವರ ಆಚಾರ್ಯರು, ಮತ್ತೊಬ್ಬರು ತೆಂಗಲೆಯವರ ಆಚಾರ್ಯರು. ಇವರಿಗೆ ಶ್ರದ್ಧೆಯಿರಲಿಲ್ಲವೆಂದು ಹೇಳುವ ನಾಲಗೆ ಯಾವುದು? ಮತಭೇದವೇ ಕಪಟಕ್ಕೆ ಸಾಕ್ಷಿಯಾಗುವುದಾದರೆ, ಗಂಜಾಮಿನ ಮೇಲೆ ಎಸೆದ ಕಲ್ಲು ಮೇಲುಕೋಟೆಯ ಮೇಲೆಯೂ ಬೀಳುವುದು.

ಪಂಗಡಗಳ ಇತಿಹಾಸದಲ್ಲಿ ಸ್ವಾರ್ಥವೇ ಇಲ್ಲವೆಂದು ಇದರ ಅರ್ಥವಲ್ಲ. ಯೂರೋಪಿನ ರಾಜರು ಮತಭೇದವನ್ನು ಕತ್ತಿಗೆ ಸಾಣೆಯಾಗಿ ಬಳಸಿದರು. ಕಾಂಚೀಪುರದ ವರದರಾಜನ ಸನ್ನಿಧಿಯಲ್ಲಿ ಯಾರು ಮೊದಲು ಪಠಿಸಬೇಕೆಂಬ ತೆಂಗಲೆ ವಡಗಲೆಗಳ ವ್ಯಾಜ್ಯವು ನೂರು ವರ್ಷಗಳಿಗೂ ಹೆಚ್ಚುಕಾಲ ನ್ಯಾಯಸ್ಥಾನಗಳ ಮೆಟ್ಟಿಲನ್ನು ಸವೆಸಿತು. ಆದರೆ ಹೊಲದಲ್ಲಿ ಕಳೆ ಬೆಳೆದಿದೆಯೆಂದು ಬಿತ್ತಿದ ಬೀಜವೇ ಕಳೆಯೆನ್ನಲಾಗದು.

ಇನ್ನು ಎಲ್ಲವೂ ಒಂದೇ ಎನ್ನುವವರಿಗೆ. ಎಲ್ಲವೂ ಒಂದೇ ಆಗಿದ್ದರೆ ಐಕಮತ್ಯವು ಒಂದು ಮಧ್ಯಾಹ್ನದ ಕೆಲಸವಾಗುತ್ತಿತ್ತು. ನಂಬಿಕೆ ಕ್ರಿಯೆಗಳ ವಿವಾದದಲ್ಲಿ ಲೂಥರನ ಅನುಯಾಯಿಗಳೂ ರೋಮಿನ ಸಭೆಯೂ ಒಂದು ಸಮಾನವಾದ ಘೋಷಣೆಗೆ ಸಹಿಹಾಕಿದುದು 1999ರಲ್ಲಿ. ಮಾರ್ಬುರ್ಗಿನ ವಾದವು ನಡೆದು ಆ ವೇಳೆಗೆ 470 ವರ್ಷಗಳು ಕಳೆದಿದ್ದವು. ಹಳೆಯ ಶಾಪವಾಕ್ಯಗಳು ಎದುರಾಳಿಯ ಈಗಿನ ಉಪದೇಶಕ್ಕೆ ತಗಲುವುದಿಲ್ಲವೆಂದು ಇಬ್ಬರೂ ಒಪ್ಪಿದರು. ಉಳಿದ ಭೇದಗಳನ್ನು ಮುಚ್ಚಿಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಇಂಡಿಯಾ ಸಭೆಯಾದಾಗಲೂ ಹಾಗೆಯೇ: ಬಿಷಪರ ಪರಂಪರೆಯನ್ನು ಎಲ್ಲರೂ ಸ್ವೀಕರಿಸಿದರು, ಅದರ ತಾತ್ಪರ್ಯವನ್ನು ಒಂದೇ ವಿಧವಾಗಿ ತಿಳಿಯಬೇಕೆಂದು ಯಾರನ್ನೂ ನಿರ್ಬಂಧಿಸಲಿಲ್ಲ. ಸಂಧಿಯನ್ನು ಮಾಡಿದವರು ಭೇದವನ್ನು ಅಳೆದು ತೂಗಿದವರು. ಭೇದವೇ ಇಲ್ಲವೆಂದು ಕೈಯೊದರಿದವರಲ್ಲ.

ಶ್ರದ್ಧಾವಂತರೇ ಒಪ್ಪದಿದ್ದ ಮೇಲೆ ಸತ್ಯಕ್ಕೆ ನೆಲೆಯೆಲ್ಲಿ ಎಂದು ಯಾರಾದರೂ ಆಕ್ಷೇಪಿಸಬಹುದು. ವಿವಾದವು ಹುಟ್ಟಬೇಕಾದರೆ ಇಬ್ಬರಿಗೂ ಸಮಾನವಾದ ನೆಲವೊಂದು ಬೇಕೇಬೇಕು. ಯಾಕೋಬನ ಪತ್ರವನ್ನು ಮಾನ್ಯಮಾಡದವನಿಗೆ ಅದರ ಅರ್ಥದಲ್ಲಿ ಜಗಳವೇನು? ಹದಿನೈದರಲ್ಲಿ ಒಂದಕ್ಕಾಗಿ ನೊಂದವರು ಹದಿನಾಲ್ಕನ್ನು ಹಿಡಿದೇ ನೊಂದರು.

ನ್ಯಾಯಶಾಸ್ತ್ರವು ಕಥೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ತತ್ತ್ವವನ್ನು ತಿಳಿಯಲು ಮಾಡುವುದು ವಾದ, ಗೆಲ್ಲಲು ಮಾಡುವುದು ಜಲ್ಪ, ತನ್ನದೆಂಬ ಪಕ್ಷವಿಲ್ಲದೆ ಪರರದನ್ನು ಕೆಡವಲು ಮಾಡುವುದು ವಿತಂಡೆ. ಗಂಜಾಮು ಬಳ್ಳಾರಿಗಳ ನಡುವೆ ನಡೆದುದು ವಾದ. ಅದರಲ್ಲಿ ಅಲ್ಲಲ್ಲಿ ಜಲ್ಪವೂ ಬೆರೆತಿರಬಹುದು. ಅವರ ಗ್ರಂಥದ ಒಂದು ಪುಟವನ್ನೂ ತೆರೆಯದೆ, ತನ್ನ ಮನೆಯ ಗ್ರಂಥವನ್ನೂ ಓದದೆ, ಜಗಲಿಯ ಮೇಲೆ ಕುಳಿತು ಇಬ್ಬರನ್ನೂ ಹಳಿಯುವುದು ವಿತಂಡೆ. ವಾದಿಗಳಿಗೆ ಶ್ರದ್ಧೆಯಿಲ್ಲವೆಂದು ಹೇಳುವ ಅಧಿಕಾರವು ವಿತಂಡಿಗೆ ಇಲ್ಲ.