ಕುರ್ಚಿ ಕೊಟ್ಟರು, ಓಟು ಕೊಡಲಿಲ್ಲ

2024ರ ಸೆಪ್ಟೆಂಬರ್ 10ರಂದು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಕೂಡಿದಾಗ, ಶ್ರೀಲಂಕಾ ಮತ್ತು ಸುಡಾನ್ ದೇಶಗಳ ನಡುವೆ ಹೊಸದೊಂದು ಸ್ಥಾನ ಕಾಣಿಸಿತು. ಮುಂದಿದ್ದ ಫಲಕದಲ್ಲಿ ಪ್ಯಾಲೆಸ್ಟೈನ್ ರಾಜ್ಯದ ಹೆಸರಿತ್ತು. ಅಂದಿನಿಂದ ಆ ಜನರ ಪ್ರತಿನಿಧಿ ಉಳಿದ ದೇಶಗಳವರ ಸಾಲಿನಲ್ಲಿ ಕೂಡುತ್ತಾನೆ, ಮಾತನಾಡುತ್ತಾನೆ, ಗೊತ್ತುವಳಿ ಮಂಡಿಸುತ್ತಾನೆ, ತಿದ್ದುಪಡಿ ಸೂಚಿಸುತ್ತಾನೆ. ಚರ್ಚೆ ಮುಗಿದು ಓಟಿಗೆ ಹಾಕಿದಾಗ ಮಾತ್ರ ಕೈಕಟ್ಟಿ ಕೂಡಬೇಕು. ತಾನೇ ಮಂಡಿಸಿದ ಗೊತ್ತುವಳಿಗೂ ಅವನ ಓಟಿಲ್ಲ. ಇದಕ್ಕೆ 'ವೀಕ್ಷಕ ರಾಜ್ಯ'ದ ಸ್ಥಾನಮಾನವೆಂದು ಹೆಸರು.

ಗಿರಣಿಯ ಕಾರ್ಮಿಕನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಾನ್ಯತೆ ಇಲ್ಲದ ಯೂನಿಯನ್ನಿನ ಮುಖಂಡನನ್ನು ಮಾಲೀಕ ಒಳಗೆ ಕರೆಯುತ್ತಾನೆ, ಚಹಾ ತರಿಸುತ್ತಾನೆ, ಅಹವಾಲನ್ನೂ ಕೇಳುತ್ತಾನೆ. ಒಪ್ಪಂದದ ಕಾಗದ ಮೇಜಿನ ಮೇಲೆ ಬಂದಾಗ, 'ಸಹಿ ಹಾಕುವ ಅಧಿಕಾರ ನಿನಗಿಲ್ಲ' ಎನ್ನುತ್ತಾನೆ. ದುಡಿಮೆ ಒಬ್ಬರದು, ಸಹಿ ಇನ್ನೊಬ್ಬರದು!

ಹರಪನಹಳ್ಳಿ ತಾಲೂಕಿನ ಚಿಗಟೇರಿಯಲ್ಲಿ ನಾರದಮುನಿಯ ಗುಡಿಯಿದೆ. ನಮ್ಮ ಓದುಗರಲ್ಲಿ ಅನೇಕರು ಅಲ್ಲಿಗೆ ನಡೆದುಕೊಳ್ಳುವವರು. ಪುರಾಣದ ಲೆಕ್ಕದಲ್ಲಿ ನಾರದರೇ ಮೊಟ್ಟಮೊದಲ ವೀಕ್ಷಕರು. ದೇವತೆಗಳ ಸಭೆಯಲ್ಲೂ ಅವರಿಗೆ ಆಸನ, ಅಸುರರ ಸಭೆಯಲ್ಲೂ ಆಸನ. ಎಲ್ಲಿಯೂ ಅಧಿಕಾರವಿಲ್ಲ, ಅದು ಅವರಿಗೆ ಬೇಕಾಗಿಯೂ ಇಲ್ಲ. ಏಕೆಂದರೆ ಅವರಿಗೆ ಹೊಲವಿಲ್ಲ, ಮನೆಯಿಲ್ಲ, ಸಾಕಬೇಕಾದ ಮಕ್ಕಳಿಲ್ಲ. ಪ್ಯಾಲೆಸ್ಟೈನಿನ ರೈತನಿಗಾದರೋ ಹೊಲವಿತ್ತು, ಆಲಿವ್ ತೋಟವಿತ್ತು, ಬೀಗ ಹಾಕಿ ಬಂದ ಮನೆಯಿತ್ತು. 1948ರ ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ನೆಲೆ ತಪ್ಪಿದರು. ನೆಲ ಕಳೆದುಕೊಂಡವನಿಗೆ ನಾರದರ ಆಸನ ಕೊಟ್ಟು ಸಮಾಧಾನ ಮಾಡಲಾಗದು.

ಈ ಆಸನವಾದರೂ ಸುಮ್ಮನೆ ಸಿಕ್ಕಿತೇ? 1947ರ ನವೆಂಬರ್ 29ರಂದು ಮಹಾಸಭೆ ಆ ನಾಡನ್ನು ಇಬ್ಭಾಗ ಮಾಡುವ ಗೊತ್ತುವಳಿಯನ್ನು 33 ಓಟುಗಳಿಂದ ಅಂಗೀಕರಿಸಿತು. ವಿರೋಧವಾಗಿ ಬಿದ್ದ 13 ಓಟುಗಳಲ್ಲಿ ಭಾರತದ್ದೂ ಒಂದು. ಇಸ್ರೇಲಿಗೆ 1949ರ ಮೇ ತಿಂಗಳಿನಲ್ಲೇ ಪೂರ್ಣ ಸದಸ್ಯತ್ವ ದೊರೆಯಿತು. ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಗೆ ಬರಿಯ ವೀಕ್ಷಕ ಸ್ಥಾನ ಸಿಗಲು 1974ರ ನವೆಂಬರ್‌ವರೆಗೆ ಕಾಯಬೇಕಾಯಿತು. 1988ರಲ್ಲಿ ಯಾಸಿರ್ ಅರಾಫತ್ ಮಾತನಾಡಬೇಕೆಂದಾಗ ಅಮೆರಿಕ ವೀಸಾ ಕೊಡಲಿಲ್ಲ. ಅವರ ಮಾತು ಕೇಳಲು ಮಹಾಸಭೆಯೇ ಜಿನೀವಾಕ್ಕೆ ಹೋಗಿ ಕೂಡಿತು! 2012ರ ನವೆಂಬರ್ 29ರಂದು 138 ದೇಶಗಳು ಕೈಯೆತ್ತಿ 'ವೀಕ್ಷಕ ರಾಜ್ಯ'ವೆಂಬ ಹೆಸರು ಕೊಟ್ಟವು. 2024ರ ಮೇ 10ರಂದು 143 ದೇಶಗಳು ಹೆಚ್ಚಿನ ಹಕ್ಕುಗಳನ್ನು ಕೊಟ್ಟವು, ಓಟೊಂದನ್ನು ಬಿಟ್ಟು. 2025ರ ಸೆಪ್ಟೆಂಬರ್‌ನಲ್ಲಿ ಮಹಮೂದ್ ಅಬ್ಬಾಸರಿಗೆ ಪುನಃ ವೀಸಾ ಇಲ್ಲವೆಂದರು. ಅವರು ದೂರದಿಂದಲೇ, ತೆರೆಯ ಮೇಲೆ ಮಾತನಾಡಿದರು. ಕುರ್ಚಿ ಇದೆ, ಕೂಡುವವನನ್ನು ಒಳಗೆ ಬಿಡುವುದಿಲ್ಲ!

ಇಷ್ಟು ದೇಶಗಳು ಒಪ್ಪಿದ ಮೇಲೂ ಓಟು ಏಕಿಲ್ಲ? ಪೂರ್ಣ ಸದಸ್ಯತ್ವಕ್ಕೆ ಮೊದಲು ಭದ್ರತಾ ಮಂಡಳಿಯ ಶಿಫಾರಸು ಬೇಕು. ಆ ಮಂಡಳಿಯಲ್ಲಿರುವ 15 ದೇಶಗಳಲ್ಲಿ ಐದಕ್ಕೆ ಕಾಯಂ ಸ್ಥಾನ, ಜೊತೆಗೆ ವೀಟೋ. 2024ರ ಏಪ್ರಿಲ್ 18ರಂದು ಪ್ಯಾಲೆಸ್ಟೈನಿನ ಅರ್ಜಿ ಬಂದಾಗ 12 ದೇಶಗಳು ಪರವಾಗಿ ನಿಂತವು, ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್ ತಟಸ್ಥವಾದವು, ಅಮೆರಿಕವೊಂದೇ ಬೇಡವೆಂದಿತು. ಅರ್ಜಿ ಬಿದ್ದುಹೋಯಿತು. ಸಂತೆಯಲ್ಲಿ ಹನ್ನೆರಡು ಮಂದಿ ಒಪ್ಪಿದ ತೂಕವನ್ನು ಒಬ್ಬ ಸಾಹುಕಾರ ತಕ್ಕಡಿಯ ಮೇಲೆ ಕೈಯಿಟ್ಟು ಕೆಡಿಸಿದರೆ ನಮ್ಮ ವರ್ತಕ ಮಿತ್ರರು ಅದನ್ನು ವ್ಯಾಪಾರವೆನ್ನುತ್ತಾರೆಯೇ?

ಹಾಗೆಂದು ಈ ಓಟಿಲ್ಲದ ಕುರ್ಚಿ ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. 2012ರಲ್ಲಿ 'ರಾಜ್ಯ' ಎಂಬ ಮಾತು ಸಿಕ್ಕ ಬಲದಿಂದಲೇ 2015ರಲ್ಲಿ ಪ್ಯಾಲೆಸ್ಟೈನ್ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಸದಸ್ಯನಾಯಿತು. ಆ ಸದಸ್ಯತ್ವದ ಆಧಾರದ ಮೇಲೆ ತನಿಖೆ ನಡೆದು, 2024ರ ನವೆಂಬರ್‌ನಲ್ಲಿ ಇಸ್ರೇಲಿನ ಪ್ರಧಾನಿಯ ಮೇಲೆಯೇ ಬಂಧನದ ವಾರಂಟು ಹೊರಟಿತು. 2025ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಮ್ಮೇಳನವೂ ಪ್ಯಾಲೆಸ್ಟೈನನ್ನು ವೀಕ್ಷಕ ರಾಜ್ಯವೆಂದು ಒಪ್ಪಿತು. ಆ ಸಮ್ಮೇಳನದಲ್ಲಿ ಸರ್ಕಾರಗಳ ಜೊತೆಗೆ ಕಾರ್ಮಿಕರ ಪ್ರತಿನಿಧಿಗಳಿಗೂ ಓಟುಂಟು ಎಂಬುದನ್ನು ನಮ್ಮ ಗಿರಣಿ ಬಂಧುಗಳು ನೆನಪಿಡಬೇಕು. ಬಾಗಿಲಲ್ಲಿ ಕಾಲಿಟ್ಟವನು ಒಂದು ದಿನ ಒಳಗೆ ಬಂದೇ ಬರುತ್ತಾನೆ. ಆದರೆ ಕಾಲಿಟ್ಟದ್ದನ್ನೇ ಒಳಗೆ ಬಂದದ್ದೆಂದು ಲೆಕ್ಕ ಹಿಡಿಯಬಾರದು.

'ದೂರದೇಶದ ಈ ತಂಟೆ ನಮಗೇಕೆ?' ಎಂದು ಕೇಳುವವರಿದ್ದಾರೆ. ನಮ್ಮ ಮನೆಯ ಕಥೆಯನ್ನೇ ಹೇಳುತ್ತೇವೆ, ಕೇಳಲಿ.

1945ರ ಜೂನ್ 26ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಹೆಸರಿನಲ್ಲಿಯೂ ಸಹಿ ಬಿತ್ತು. ಆಗ ಭಾರತ ಸ್ವತಂತ್ರವಾಗಿತ್ತೇ? ಇಲ್ಲ. ನಿಯೋಗದ ನಾಯಕರು ಸರ್ ಎ. ರಾಮಸ್ವಾಮಿ ಮುದಲಿಯಾರ್, ಅವರನ್ನು ಕಳಿಸಿದ್ದು ಬ್ರಿಟಿಷ್ ಸರ್ಕಾರ. ವಿಜಯಲಕ್ಷ್ಮಿ ಪಂಡಿತರು ಅದೇ ಊರಿನಲ್ಲಿ, ಸಭಾಂಗಣದ ಹೊರಗೆ ನಿಂತು, ಒಳಗಿರುವವರು ಭಾರತದ ಜನರ ಪ್ರತಿನಿಧಿಗಳಲ್ಲವೆಂದು ಸಾರಿದರು. ಪ್ಯಾಲೆಸ್ಟೈನಿಗೆ ಜನರಿದ್ದಾರೆ, ಓಟಿಲ್ಲ. ಅಂದಿನ ನಮಗೆ ಕುರ್ಚಿಯಿತ್ತು, ಓಟೂ ಇತ್ತು. ಅದರ ಹಿಂದೆ ಜನರ ಒಪ್ಪಿಗೆ ಇರಲಿಲ್ಲ. ಎರಡೂ ಗುಲಾಮಗಿರಿಯ ಎರಡು ಮುಖಗಳೇ.

ಅದೇ ಮುದಲಿಯಾರರು 1946ರಲ್ಲಿ ಮೈಸೂರಿನ ದಿವಾನರಾಗಿ ಬಂದರು. 1947ರ ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಎದ್ದಿತು. ಕಾರ್ಮಿಕರು, ವಿದ್ಯಾರ್ಥಿಗಳು, ರೈತರು ಜೈಲು ತುಂಬಿದರು. 'ಆರ್ಕಾಟ್ ಬಾಯ್ಕಾಟ್' ಎಂಬ ಕೂಗು ಬೀದಿ ಬೀದಿಯಲ್ಲಿ ಕೇಳಿಸಿತು. ವೈಯಕ್ತಿಕವಾಗಿ ಮುದಲಿಯಾರರು ದೊಡ್ಡ ವಿದ್ವಾಂಸರು, ಚತುರರು. ಆದರೆ ಜನ ಕೇಳಿದ್ದು ಚತುರ ದಿವಾನನನ್ನಲ್ಲ, ತಮಗೆ ಉತ್ತರ ಹೇಳುವ ಸರ್ಕಾರವನ್ನು. ಅಕ್ಟೋಬರ್‌ನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು.

ಇನ್ನೂ ಹತ್ತಿರದ್ದು ಬೇಕೆ? ಚಿಗಟೇರಿಯನ್ನೇ ನೋಡಿ. ಹರಪನಹಳ್ಳಿ ತಾಲೂಕು 1953ರಲ್ಲಿ ಬಳ್ಳಾರಿಯೊಂದಿಗೆ ಮದರಾಸಿನಿಂದ ಮೈಸೂರಿಗೆ ಬಂತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ಆ ಕಾರಣದಿಂದ, ಹೈದರಾಬಾದ್ ಕರ್ನಾಟಕಕ್ಕೂ ಬಳ್ಳಾರಿಗೂ ಸಂವಿಧಾನದ 371(ಜೆ) ಸವಲತ್ತು ಬಂದಾಗ ಈ ತಾಲೂಕು ಹೊರಗುಳಿಯಿತು. ಜನ ಹೋರಾಡಿದರು. 2018ರಲ್ಲಿ ತಾಲೂಕು ಬಳ್ಳಾರಿಗೆ ಮರಳಿ ಸವಲತ್ತು ಪಡೆಯಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಗಡಿಯ ಗೆರೆ ಇಷ್ಟು ಸಲ ಸರಿದರೂ ಯಾರ ಹೊಲವೂ ಹೋಗಲಿಲ್ಲ, ಯಾರೂ ಡೇರೆಯಲ್ಲಿ ಮಲಗಲಿಲ್ಲ. ಹೋರಾಡಿದವರ ಕೈಯಲ್ಲಿ ಓಟಿತ್ತು. ಓಟು ಕೇಳಲು ಬರುವವನಿಗೆ ಅದರ ಭಯವಿತ್ತು. ಓಟಿನ ಬೆಲೆ ಏನೆಂದು ಚಿಗಟೇರಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇನ್ನು ದೆಹಲಿಯ ಮಾತು. 1974ರಲ್ಲಿ ಅರಬ್ ದೇಶಗಳ ಹೊರಗೆ ವಿಮೋಚನಾ ಸಂಘಟನೆಯನ್ನು ಮೊದಲು ಮಾನ್ಯ ಮಾಡಿದ್ದು ಭಾರತ. 1988ರಲ್ಲಿ ಪ್ಯಾಲೆಸ್ಟೈನ್ ರಾಜ್ಯವನ್ನು ಮಾನ್ಯ ಮಾಡಿದ ಮೊದಲ ಸಾಲಿನಲ್ಲಿ ಭಾರತವಿತ್ತು. 2012ರಲ್ಲೂ, 2024ರ ಮೇ ತಿಂಗಳಲ್ಲೂ ನಮ್ಮ ಓಟು ಪರವಾಗಿಯೇ ಬಿತ್ತು. ಇದನ್ನು ಮೆಚ್ಚಬೇಕು. ಆದರೆ 2025ರ ಜೂನ್ 12ರಂದು ಗಾಜಾದಲ್ಲಿ ಕದನ ನಿಲ್ಲಿಸಿರೆಂಬ ಗೊತ್ತುವಳಿ ಬಂದಾಗ 149 ದೇಶಗಳು ಪರವಾಗಿದ್ದವು. ತಟಸ್ಥವಾಗಿ ಕೂತ 19 ದೇಶಗಳಲ್ಲಿ ಭಾರತವೂ ಒಂದು! ಅದೇ ಸೆಪ್ಟೆಂಬರ್ 12ರಂದು ಎರಡು ರಾಜ್ಯಗಳ ಪರಿಹಾರವನ್ನು ಬೆಂಬಲಿಸುವ ಗೊತ್ತುವಳಿಗೆ ಮತ್ತೆ ಪರವಾಗಿ ಓಟು ಹಾಕಿತು. ರಾಜ್ಯ ಬೇಕೆನ್ನುವುದು, ಆ ರಾಜ್ಯದ ಜನ ಸಾಯುವಾಗ ಸುಮ್ಮನೆ ಕೂಡುವುದು, ಇದಾವ ನೀತಿ?

2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1,200 ಜನರನ್ನು ಕೊಂದದ್ದು ಘೋರ ಕೃತ್ಯ. ಅದನ್ನು ನಾವು ಖಂಡಿಸುತ್ತೇವೆ. ಆದರೆ ಅದಕ್ಕೆ ಪ್ರತಿಯಾಗಿ ಗಾಜಾದಲ್ಲಿ 60 ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಅಲ್ಲಿನ ಆರೋಗ್ಯ ಇಲಾಖೆ 2025ರಲ್ಲಿ ಲೆಕ್ಕ ಕೊಟ್ಟಿತು. ಬಂದೂಕು ಹಿಡಿದವನ ಅಪರಾಧಕ್ಕೆ ಇಡೀ ಜನತೆಯ ಓಟನ್ನು ಜಫ್ತಿ ಮಾಡುವುದು ಯಾವ ನ್ಯಾಯ? ಬಂದೂಕಿಲ್ಲದೆ ಮಾತಿನಿಂದಲೇ ಹಕ್ಕು ಸಿಗುವುದೆಂದು ಆ ಯುವಕರಿಗೆ ಹೇಳಬೇಕಾದವರು ಮೊದಲು ಮಾತಿಗೆ ಬೆಲೆ ಕೊಡಬೇಕು.

ನಾವು ಹೇಳುವುದಿಷ್ಟೆ. ಪ್ಯಾಲೆಸ್ಟೈನ್ ವೀಕ್ಷಕವಾಗಿ ಕೂತಿರುವುದು ಬೇರೆಯವರ ಬಲಾತ್ಕಾರದಿಂದ. ಭಾರತ ವೀಕ್ಷಕವಾಗಿ ಕೂತದ್ದು ತನ್ನ ಇಚ್ಛೆಯಿಂದ. ಓಟಿಲ್ಲದವನ ಮೌನಕ್ಕೆ ಕಾರಣವಿದೆ. ಓಟಿದ್ದವನ ಮೌನಕ್ಕೆ ಯಾವ ಕಾರಣವೂ ಸಾಲದು. ಯೂನಿಯನ್ನುಗಳು ಗೇಟಿನ ಮುಂದೆ ಸಭೆ ಸೇರಿ ಗೊತ್ತುವಳಿ ಮಾಡಲಿ, ವರ್ತಕರ ಸಂಘಗಳು ಪತ್ರ ಬರೆಯಲಿ. ಪ್ಯಾಲೆಸ್ಟೈನಿಗೆ ಪೂರ್ಣ ಸದಸ್ಯತ್ವ ದೊರೆಯುವವರೆಗೆ ಭಾರತ ಒಂದು ಸಲವೂ ತಟಸ್ಥವಾಗಿ ಕೂಡಬಾರದು ಎಂಬುದೇ ಅದರ ಒಕ್ಕಣೆಯಾಗಲಿ. ಮುಂದಿನ ಸಲ ಸಂಸತ್ ಸದಸ್ಯರು ಊರಿಗೆ ಬಂದಾಗ ರಸ್ತೆ, ನೀರಿನ ಪ್ರಶ್ನೆಯ ಜೊತೆಗೆ ಇದೊಂದನ್ನೂ ಕೇಳಿ: 'ಜೂನ್ 12ರಂದು ನಮ್ಮ ಓಟು ಎಲ್ಲಿತ್ತು ಸ್ವಾಮಿ?'