ಇಲ್ಲವೆಂಬ ಉತ್ತರದ ಬೆಲೆ

ಮಲೆನಾಡಿನ ಹಳೆಯ ತಲೆಮಾರಿನವರಿಗೆ ಚಳಿಜ್ವರವೆಂಬುದು ಮಳೆ ಬಿಸಿಲುಗಳಂತೆಯೇ ವರ್ಷವರ್ಷವೂ ತಪ್ಪದೆ ಬರುತ್ತಿದ್ದ ಸಂಗತಿಯಾಗಿತ್ತು. ಬೆಟ್ಟದ ತೊರೆಗಳ ತಿಳಿನೀರಿನಲ್ಲಿ ಹುಟ್ಟುವ ಫ್ಲೂವಿಯಾಟಿಲಿಸ್ ಎಂಬ ಜಾತಿಯ ಅನಾಫಿಲೀಸ್ ಸೊಳ್ಳೆಯಿಂದ ಹರಡುತ್ತಿದ್ದ ಆ ವ್ಯಾಧಿಯು ಊರುಗಳನ್ನೇ ಪಾಳುಗೆಡವಿದ ಸ್ಮೃತಿ ಅಲ್ಲಿನ ಮನೆತನಗಳಲ್ಲಿ ಇನ್ನೂ ಮಾಸಿಲ್ಲ. ಇಂದು ಅದೇ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕುಳಿತ ತರುಣ ವೈದ್ಯನು ಮಲೇರಿಯಾ ರೋಗಿಯೊಬ್ಬನನ್ನೂ ಕಾಣದೆ ವರ್ಷಗಳನ್ನು ಕಳೆಯಬಹುದಾಗಿದೆ. ಇದು ಸಾಮಾನ್ಯವಾದ ಸಿದ್ಧಿಯಲ್ಲ. ಆದರೆ ಈ ಸಿದ್ಧಿಯ ಬೆನ್ನಿಗೇ ಒಂದು ಪ್ರಶ್ನೆಯೂ ಹುಟ್ಟಿಕೊಂಡಿದೆ: ಕಣ್ಣಿಗೇ ಬೀಳದ ರೋಗಕ್ಕಾಗಿ ಜ್ವರವೆಂದು ಬಂದವರ ಬೆರಳನ್ನೆಲ್ಲ ಚುಚ್ಚುತ್ತಿರುವುದು ಏತಕ್ಕೆ?

ದೇಶದ ಲೆಕ್ಕವೂ ಇದೇ ಕಥೆಯನ್ನು ಹೇಳುತ್ತದೆ. 2015ರಲ್ಲಿ 11,69,261 ಮಲೇರಿಯಾ ಪ್ರಕರಣಗಳೂ 384 ಮರಣಗಳೂ ದಾಖಲಾಗಿದ್ದ ಭಾರತದಲ್ಲಿ 2023ರ ಹೊತ್ತಿಗೆ ಪ್ರಕರಣಗಳು 2,27,564ಕ್ಕೂ ಮರಣಗಳು 83ಕ್ಕೂ ಇಳಿದವು. 2027ರೊಳಗೆ ಸ್ಥಳೀಯ ಸೋಂಕನ್ನು ಶೂನ್ಯಕ್ಕೆ ತಂದು 2030ಕ್ಕೆ ನಿರ್ಮೂಲನವನ್ನು ಸಾಧಿಸತಕ್ಕದ್ದೆಂಬುದು ಸರಕಾರದ ಸಂಕಲ್ಪ. ರೋಗವು ಹೀಗೆ ಕ್ಷೀಣಿಸಿದಂತೆಲ್ಲ ಒಬ್ಬ ರೋಗಿಯನ್ನು ಗುರುತಿಸುವುದಕ್ಕಾಗಿ ಮಾಡಬೇಕಾದ ಪರೀಕ್ಷೆಗಳ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ. ಸಾವಿರ ಮಂದಿಯನ್ನು ಪರೀಕ್ಷಿಸಿ ಒಬ್ಬನಲ್ಲಿಯೂ ರೋಗಾಣು ಸಿಕ್ಕಲಿಲ್ಲವೆಂಬ ವರದಿಯು ಲೆಕ್ಕಪತ್ರ ನೋಡುವ ಅಧಿಕಾರಿಯ ಕಣ್ಣಿಗೆ ಅಪವ್ಯಯವಾಗಿ ತೋರುವುದು ಸಹಜ. ನನ್ನ ಮಟ್ಟಿಗೆ ಅದು ಅಪವ್ಯಯವಲ್ಲ. ರೋಗವು ಈ ಊರಿನಲ್ಲಿ ಇಲ್ಲವೆಂದು ಹೇಳುವ ಅಧಿಕಾರವು ಹುಡುಕಿ ನೋಡಿದವನಿಗೆ ಮಾತ್ರ ಉಂಟು, ಹುಡುಕದವನಿಗೆ ಇಲ್ಲ.

ಹುಡುಕುವುದನ್ನು ಬಿಟ್ಟವರ ಗತಿ ಏನಾಯಿತೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನೆರೆಯ ಸಿಂಹಳದಲ್ಲಿ 1963ರಲ್ಲಿ ಇಡೀ ದ್ವೀಪಕ್ಕೆ ಕಂಡುಬಂದದ್ದು ಹದಿನೇಳೇ ಪ್ರಕರಣಗಳು. ಸಿಂಪಡಣೆ ನಿಂತು ಎಚ್ಚರವು ಸಡಿಲಿದ ಮೇಲೆ, 1968-69ರ ಹೊತ್ತಿಗೆ, ಅದೇ ದ್ವೀಪದಲ್ಲಿ ಐದು ಲಕ್ಷಕ್ಕೂ ಮೀರಿದ ಜನರು ಮಲೇರಿಯಾ ಪೀಡಿತರಾದರು. ನಮ್ಮ ದೇಶದಲ್ಲಿಯೂ ಅರುವತ್ತರ ದಶಕದ ನಡುವೆ ಒಂದು ಲಕ್ಷದ ಆಸುಪಾಸಿಗೆ ಇಳಿದಿದ್ದ ರೋಗವು 1976ರಲ್ಲಿ 64 ಲಕ್ಷಕ್ಕೆ ಏರಿತು. ಕೀಟನಾಶಕಕ್ಕೆ ಸೊಳ್ಳೆಯು ಒಗ್ಗಿಕೊಂಡದ್ದೇ ಮೊದಲಾಗಿ ಇದಕ್ಕೆ ಕಾರಣಗಳು ಅನೇಕವಿದ್ದರೂ, ಗೆದ್ದೆವೆಂಬ ಭಾವನೆಯಿಂದ ಹುಟ್ಟಿದ ಔದಾಸೀನ್ಯವೂ ಅವುಗಳಲ್ಲಿ ಒಂದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಸಿಂಹಳವು ಆ ಪಾಠವನ್ನು ಮರೆಯಲಿಲ್ಲ: 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಿಂದ ಮಲೇರಿಯಾಮುಕ್ತವೆಂಬ ಮನ್ನಣೆ ಪಡೆದ ಮೇಲೆಯೂ ಅಲ್ಲಿ ಜ್ವರಪೀಡಿತರ ರಕ್ತಪರೀಕ್ಷೆ ನಿಂತಿಲ್ಲ.

ಕರ್ನಾಟಕದಲ್ಲಿ ಈ ಮಾತಿಗೆ ಜೀವಂತ ನಿದರ್ಶನ ಮಂಗಳೂರು. ತೊಂಬತ್ತರ ದಶಕದಿಂದೀಚೆಗೆ ಅಲ್ಲಿ ಬಹುಮಹಡಿ ಕಟ್ಟಡಗಳು ಏಳತೊಡಗಿ, ತಾರಸಿಗಳ ಮೇಲೂ ಕಟ್ಟಡಗಳ ತೊಟ್ಟಿಗಳಲ್ಲೂ ನಿಂತ ನೀರಿನಲ್ಲಿ ನಗರವಾಸಿಯಾದ ಸ್ಟೀಫನ್ಸೈ ಸೊಳ್ಳೆಯು ವೃದ್ಧಿಹೊಂದಿ, ದುಡಿಮೆಗಾಗಿ ಪರಸ್ಥಳಗಳಿಂದ ಬಂದ ಕೂಲಿಕಾರರ ರಕ್ತದಲ್ಲಿದ್ದ ರೋಗಾಣುವಿಗೆ ಅದು ವಾಹನವಾಗಿ ಒದಗಿದುದರಿಂದ, ರಾಜ್ಯದ ಮಲೇರಿಯಾ ಪ್ರಕರಣಗಳ ದೊಡ್ಡ ಪಾಲು ಬಹುಕಾಲ ಆ ಒಂದು ನಗರದ್ದೇ ಆಗಿತ್ತು. 2015ರಲ್ಲಿ ಅಲ್ಲಿ ಗಣಕದ ನೆರವಿನ ನಿಗಾ ವ್ಯವಸ್ಥೆಯೊಂದು ಆರಂಭವಾಯಿತು; ರೋಗ ಪತ್ತೆಯಾದೊಡನೆ ಅದು ದಾಖಲಾಗಿ, ಟ್ಯಾಬ್ಲೆಟ್ ಹಿಡಿದ ಕಾರ್ಯಕರ್ತನು ರೋಗಿಯ ಮನೆಗೇ ಹೋಗಿ ಸುತ್ತಲಿನ ಜ್ವರಪೀಡಿತರನ್ನೂ ಸೊಳ್ಳೆಯ ಮೂಲವನ್ನೂ ಅರಸುವ ಕ್ರಮ ಅದು. ರೋಗವು ಅಲ್ಲಿ ಗಣನೀಯವಾಗಿ ಇಳಿಯಿತು. ಅಲ್ಲಿನ ಬಹುಪಾಲು ಸೋಂಕು ವೈವಾಕ್ಸ್ ಜಾತಿಯದು. ಯಕೃತ್ತಿನಲ್ಲಿ ತಿಂಗಳುಗಟ್ಟಲೆ ನಿದ್ರಿಸಿ ಮತ್ತೆ ಎಚ್ಚರಗೊಳ್ಳಬಲ್ಲ ಈ ರೋಗಾಣುವನ್ನು ಹೊತ್ತವನು, ಹದಿನಾಲ್ಕು ದಿನಗಳ ಪ್ರೈಮಾಕ್ವಿನ್ ಮಾತ್ರೆಯನ್ನು ಪೂರೈಸದಿದ್ದರೆ, ಗುಣವಾಯಿತೆಂದು ಊರಿಗೆ ಹೋದ ಮೇಲೂ ಮತ್ತೊಂದು ಮಳೆಗಾಲದ ಸೊಳ್ಳೆಗೆ ಬೀಜ ಒದಗಿಸಬಲ್ಲನು.

ಶೀಘ್ರಪರೀಕ್ಷೆಯ ಕಾರ್ಡು ಈ ಕಾರ್ಯಕ್ಕೆ ಎಷ್ಟರ ಮಟ್ಟಿಗೆ ತಕ್ಕುದು? ರಕ್ತದ ಒಂದು ಹನಿಯನ್ನು ಪಟ್ಟಿಯ ಮೇಲೆ ಇಟ್ಟು ದ್ರಾವಣ ಸುರಿದರೆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಗೆರೆ ಮೂಡುತ್ತದೆ. ವಿದ್ಯುತ್ತು ಬೇಡ, ಸೂಕ್ಷ್ಮದರ್ಶಕ ಬೇಡ, ಆಶಾ ಕಾರ್ಯಕರ್ತೆಯು ಮನೆಯ ಜಗಲಿಯಲ್ಲಿಯೇ ಮಾಡಬಹುದು. ಹಿಂದೆ ಗಾಜಿನ ಮೇಲಿನ ರಕ್ತಲೇಪನವು ಪ್ರಯೋಗಶಾಲೆಗೆ ಹೋಗಿ ಉತ್ತರ ಬರುವುದರೊಳಗೆ ರೋಗಿಯು ಎಲ್ಲಿರುತ್ತಿದ್ದನೋ ಎಂಬುದನ್ನು ನೆನೆದರೆ ಇದೊಂದು ವರವೇ ಸರಿ. ಆದರೆ ರೋಗ ವಿರಳವಾದ ಸೀಮೆಯಲ್ಲಿ ಈ ವರವನ್ನು ಲೆಕ್ಕ ಬಲ್ಲವನು ಬಳಸಬೇಕು. ಹತ್ತು ಸಾವಿರ ಜ್ವರಪೀಡಿತರಲ್ಲಿ ಹತ್ತು ಮಂದಿಗೆ ಮಾತ್ರ ಮಲೇರಿಯಾ ಇದೆಯೆಂದೂ, ರೋಗವಿಲ್ಲದ ನೂರು ಮಂದಿಯಲ್ಲಿ ಒಬ್ಬನಿಗೆ ಮಾತ್ರ ಕಾರ್ಡು ತಪ್ಪಾಗಿ 'ಇದೆ' ಎನ್ನುತ್ತದೆಂದೂ ಇಟ್ಟುಕೊಳ್ಳೋಣ. ನಿಜವಾದ ಹತ್ತು ಗೆರೆಗಳ ಪಕ್ಕದಲ್ಲಿ ಸುಮಾರು ನೂರು ಸುಳ್ಳು ಗೆರೆಗಳು ನಿಲ್ಲುತ್ತವೆ! ಕಾರ್ಡು ಕೆಟ್ಟದೆಂದು ಇದರರ್ಥವಲ್ಲ. ಅಪರೂಪದ ವಸ್ತುವನ್ನು ಅರಸುವಾಗ ಉತ್ತಮ ಸಾಧನವೂ ಹೀಗೆಯೇ ನಡೆದುಕೊಳ್ಳುತ್ತದೆ. ಇದಲ್ಲದೆ ಫಾಲ್ಸಿಪಾರಂ ಜಾತಿಯನ್ನು ಗುರುತಿಸುವ ಗೆರೆಯು ರೋಗ ವಾಸಿಯಾದ ಮೇಲೆಯೂ ಕೆಲವು ವಾರಗಳ ಪರ್ಯಂತ ಉಳಿಯುವುದುಂಟು. ತತ್ಕಾರಣ ಗೆರೆ ಮೂಡಿದವನಿಗೆ ಚಿಕಿತ್ಸೆಯನ್ನು ತಡಮಾಡದೆ ಆರಂಭಿಸಿ, ಅದೇ ಗಳಿಗೆಯಲ್ಲಿ ರಕ್ತಲೇಪನವನ್ನೂ ತೆಗೆದು ಸೂಕ್ಷ್ಮದರ್ಶಕದಲ್ಲಿ ದೃಢಪಡಿಸಿಕೊಳ್ಳತಕ್ಕದ್ದು. ಕಾರ್ಡು ಬಂದಿತೆಂದು ಪ್ರಯೋಗಶಾಲಾ ತಂತ್ರಜ್ಞರ ಹುದ್ದೆಗಳನ್ನು ಖಾಲಿ ಬಿಡುವುದು ಈ ಕಾರಣಕ್ಕಾಗಿಯೇ ಹ್ರಸ್ವದೃಷ್ಟಿಯ ಮಿತವ್ಯಯ. ರೋಗಾಣುವನ್ನು ಕಣ್ಣಾರೆ ಕಂಡು ಗುರುತಿಸಬಲ್ಲ ಕಣ್ಣುಗಳು ಅಭ್ಯಾಸವಿಲ್ಲದೆ ಉಳಿಯಲಾರವು.

'ಇಲ್ಲ' ಎಂಬ ಉತ್ತರವೂ ಅಂತಿಮವಲ್ಲ. ರೋಗ ವಿರಳವಾದ ಸೀಮೆಯವರಿಗೆ ರೋಗನಿರೋಧ ಕಡಿಮೆಯಾದುದರಿಂದ, ರಕ್ತದಲ್ಲಿ ರೋಗಾಣುಗಳು ಕೆಲವೇ ಇರುವಾಗಲೇ ಅವರಿಗೆ ಜ್ವರ ಏರಬಹುದು. ಕಾರ್ಡಾದರೋ ಒಂದು ಮೈಕ್ರೊಲೀಟರ್ ರಕ್ತದಲ್ಲಿ ನೂರು ಇನ್ನೂರು ರೋಗಾಣುಗಳಾದರೂ ಇಲ್ಲದೆ ವಿಶ್ವಾಸಾರ್ಹವಾಗಿ ಹೇಳಲಾರದು. ಮಲೇರಿಯಾ ಇರುವ ಪ್ರದೇಶದಿಂದ ಬಂದವನ ಜ್ವರ ಬಿಡದಿದ್ದರೆ ಒಂದೆರಡು ದಿನಗಳಲ್ಲಿ ಪರೀಕ್ಷೆಯನ್ನು ಮತ್ತೆ ಮಾಡಬೇಕು. ಉಳಿದವರ ಜ್ವರಕ್ಕೂ ಒಂದು ಹೆಸರು ಬೇಕಷ್ಟೆ: ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್, ಶಿವಮೊಗ್ಗದ ಕಾಡಂಚಿನಲ್ಲಿ ಮಂಗನ ಕಾಯಿಲೆ. ಆಫ್ರಿಕಾದ ಕೆಲವೆಡೆ ಶೀಘ್ರಪರೀಕ್ಷೆ ಬಂದ ಮೇಲೆ ಮಲೇರಿಯಾ ಔಷಧದ ದುರ್ವ್ಯಯ ತಗ್ಗಿತಾದರೂ, ಮಲೇರಿಯಾ ಅಲ್ಲವೆಂದು ತಿಳಿದವರಿಗೆ ಆಂಟಿಬಯಾಟಿಕ್ ಬರೆಯುವ ರೂಢಿ ಏರಿತು. ಜ್ವರದ ಮುಂದಿನ ದಾರಿಯನ್ನು ತೋರಿಸದ ಪರೀಕ್ಷೆಯು ವೈದ್ಯನನ್ನು ಅರ್ಧದಾರಿಯಲ್ಲಿ ಕೈಬಿಟ್ಟಂತೆ.

ಜ್ವರ ಬಂದವನು ಮೊದಲು ಹೋಗುವುದು ಸರಕಾರಿ ಕೇಂದ್ರಕ್ಕಲ್ಲ, ಬಹುಮಟ್ಟಿಗೆ ಖಾಸಗಿ ಕ್ಲಿನಿಕ್ಕಿಗೆ ಅಥವಾ ಮೆಡಿಕಲ್ ಶಾಪಿಗೆ. ಸರಕಾರವು ಅಲ್ಲಿಗೂ ಕಾರ್ಡನ್ನು ತಲುಪಿಸಿ, ಫಲಿತಾಂಶವನ್ನು ಅಂದಂದೇ ತಿಳಿಸುವ ಹೊಣೆಯನ್ನೂ ವಹಿಸಬೇಕು. ಖಾಸಗಿ ವೈದ್ಯಮಿತ್ರರಲ್ಲಿ ನನ್ನದೊಂದು ಬಿನ್ನಹವೂ ಇದೆ: ಕಟ್ಟಡದ ಕೆಲಸದಿಂದಲೋ, ದೂರದ ಪ್ರಯಾಣದಿಂದಲೋ, ಒಡಿಶಾ, ಛತ್ತೀಸಗಢ, ಝಾರ್ಖಂಡಗಳ ಕಡೆಯಿಂದಲೋ ಬಂದವನು ಜ್ವರವೆಂದು ನಿಮ್ಮೆದುರು ಕುಳಿತಾಗ, ಎಲ್ಲಿಂದ ಬಂದೆಯೆಂದು ಕೇಳಿ, ಔಷಧದ ಚೀಟಿ ಬರೆಯುವುದಕ್ಕೆ ಮುಂಚೆ, ಮೊದಲ ದಿನವೇ ಅವನ ಬೆರಳಿನ ಒಂದು ಹನಿ ರಕ್ತವನ್ನು ಪರೀಕ್ಷಿಸಿರಿ.